ಎಡಗಡೆಯ ಕಲ್ಲು

ಗಾಳ ಹಾಕಲು ಹೋದವರು ಹೆಚ್ಚಿನ ದಿನ ಬರಿಗೈಯಲ್ಲೇ ಮನೆಗೆ ಬರುತ್ತಾರೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮೊಬ್ಬರದೇ ಏನಲ್ಲ. ಗಾಳದ ಕೋಲು ಮಾರುವ ಅಂಗಡಿಯ ಗೋಡೆಯ ಮೇಲೆ ತೊಡೆಗಾತ್ರದ ಮೀನನ್ನು ಮಗುವಿನ ಹಾಗೆ ಅಪ್ಪಿಕೊಂಡು ಹಲ್ಲು ಕಿರಿಯುವ ಗಂಡಸಿನ ಚಿತ್ರ ಇರುತ್ತದೆ. ಬೆಳಗಿನಿಂದ ಕೂತು ಸೊಂಟ ಹಿಡಿದು, ಸೊಳ್ಳೆಗೆ ರಕ್ತ ಕೊಟ್ಟು, ಖಾಲಿ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಕಾಯುವವನ ಚಿತ್ರವನ್ನು ಯಾರೂ ಗೋಡೆಗೆ ಹಚ್ಚುವುದಿಲ್ಲ. ಮೀನು ಬೀಳದಿರುವುದೇ ಆ ಕೆಲಸದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಸಿಕ್ಕು ಬಿಡಿಸುವುದು.

ಇಷ್ಟು ಗೊತ್ತಿಲ್ಲದ್ದರಿಂದ ಒಬ್ಬ ಹೆಂಗಸು ಗಂಡನ ಮೇಲೆ ಅನುಮಾನಪಟ್ಟಳು. ಅದೂ ಆತ ಸತ್ತು, ಉತ್ತರ ಕೊಡಲಾಗದ ಜಾಗಕ್ಕೆ ಹೋದ ಮೇಲೆ.

ಆಕೆ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ ಸಮವಸ್ತ್ರ ಹೊಲಿದುಕೊಡುವ ಒಂದು ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವವಳು. ಉದ್ದನೆಯ ಮೇಜು, ಅದರ ಮೇಲೆ ಪದರ ಪದರವಾಗಿ ಹಾಸಿದ ನೀಲಿ ಬಟ್ಟೆ, ಬಟ್ಟೆಯ ಮೇಲೆ ಬಿಳಿ ಚಾಕಿನ ಗೆರೆ, ಗೆರೆಯ ಹಿಂದೆ ಕತ್ತರಿ. ಹುಟ್ಟಾ ಎಡಗೈಯವಳು. ಮಾಮೂಲಿ ಕತ್ತರಿ ಎಡಗೈಗೆ ಬಂದರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹಾಗಾಗಿ ತನ್ನದೇ ಒಂದು ಎಡಗೈ ಕತ್ತರಿ ಇಟ್ಟುಕೊಂಡಿದ್ದಳು. ಬೇರೆಯವರು ಅವಸರಕ್ಕೆ ಅದನ್ನು ಎತ್ತಿಕೊಂಡರೆ ಅವರ ಕೈಯಲ್ಲಿ ಅದೂ ಅಗಿಯುತ್ತಿತ್ತು, ಬೈದು ವಾಪಸ್ಸು ಇಡುತ್ತಿದ್ದರು. ಎಲ್ಲೇ ಕೆಲಸಕ್ಕೆ ಹೋಗಲಿ, ಆಕೆಗೆ ಮೇಜಿನ ಎಡತುದಿಯೇ ಜಾಗ. ನಡುವೆ ನಿಂತರೆ ಪಕ್ಕದವರ ಮೊಣಕೈಗೂ ಆಕೆಯ ಮೊಣಕೈಗೂ ದಿನವಿಡೀ ಜಗಳ. ಸಾಲದ್ದಕ್ಕೆ ಆಳು ಕುಳ್ಳಿ. ಕಾಲ ಕೆಳಗೊಂದು ಹಲಗೆ ಹಾಕಿಕೊಂಡರೆ ಮಾತ್ರ ಮೇಜು ಎಟುಕುತ್ತಿತ್ತು. ವರ್ಕ್‌ಶಾಪಿನಲ್ಲಿ ಎಲ್ಲರೂ ಆಕೆಯನ್ನು ‘ಎಡಚಕ್ಕ’ ಎನ್ನುತ್ತಿದ್ದರು. ಯಜಮಾನನಂತೂ ಗಿರಾಕಿಗಳ ಎದುರೇ, “ಎಡಚಕ್ಕನ ಹಲಗೆ ತನ್ರೋ, ಅಕ್ಕ ಸಿಂಹಾಸನ ಏರಲಿ” ಎನ್ನುತ್ತಿದ್ದ. ಆಕೆ ನಗುತ್ತಿದ್ದಳು. ಹೊಟ್ಟೆಪಾಡಿನ ಜಾಗದಲ್ಲಿ ನಕ್ಕುಬಿಡುವುದು ಎಲ್ಲರಿಗೂ ಅಭ್ಯಾಸವಾಗಿಬಿಡುತ್ತದೆ.

ಗಂಡ ಒಂದು ಹಳೆಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ. ಎಳೆದು ಮುಚ್ಚುವ ಜಾಲರಿ ಬಾಗಿಲು, ಕೈ ಉಜ್ಜಿ ಉಜ್ಜಿ ಹೊಳಪು ಬಂದ ಹಿತ್ತಾಳೆ ಹಿಡಿ, ಮೂಲೆಯಲ್ಲೊಂದು ಮರದ ಸ್ಟೂಲು. ಜನ ಒಳಗೆ ಬರುತ್ತಿದ್ದರು, ಒಂದು ಸಂಖ್ಯೆ ಹೇಳುತ್ತಿದ್ದರು, ಬಾಗಿಲ ಕಡೆ ತಿರುಗಿ ನಿಲ್ಲುತ್ತಿದ್ದರು. “ಮೂರು.” “ಆರು.” “ಎರಡು, ಬೇಗ.” ಬೆಳಗಿನಿಂದ ಸಂಜೆಯವರೆಗೆ ಆತ ನೋಡಿದ್ದು ಮನುಷ್ಯರ ಬೆನ್ನು, ಕೇಳಿದ್ದು ಸಂಖ್ಯೆ. ಅಂಥ ಕೆಲಸದಿಂದ ಮನೆಗೆ ಬಂದವನ ಬಾಯಲ್ಲಿ ಎಷ್ಟು ಮಾತು ಉಳಿದಿರುತ್ತದೆ? ಕೈ ತೊಳೆಯುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ.

ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಹೇಳಬೇಕಾದ್ದನ್ನು ಹೇಳದೆ, ಸಾಮಾನು ಅತ್ತಿಂದಿತ್ತ ಸರಿಸುವ ಆಳು ಅದು. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗ ಇಬ್ಬರ ಮೊಣಕೈ ತಾಗಿ ಸಾರಿನ ಬಟ್ಟಲು ಮಗುಚಿತು. ಮರುದಿನ ನೋಡಿದರೆ ಆತನ ಕುರ್ಚಿ ಮೇಜಿನ ಬಲಗಡೆಗೆ ಹೋಗಿತ್ತು. ಯಾಕೆ ಎಂದು ಆತ ಹೇಳಲಿಲ್ಲ, ಈಕೆ ಕೇಳಲಿಲ್ಲ. ಅಟ್ಟದ ಡಬ್ಬಿಗಳು ತಾವಾಗಿಯೇ ಕೆಳಗಿನ ಗೂಡಿಗೆ ಇಳಿದವು. ಕನ್ನಡಿ ಒಂದು ಗೇಣು ಕೆಳಗೆ ಬಂತು. ಇಬ್ಬರೂ ಒಳ್ಳೆಯವರು. ಇಬ್ಬರಿಗೂ ದೇವರು ಬಾಯಿ ಕೊಟ್ಟಿದ್ದ. ಅದನ್ನು ಮೂವತ್ತು ವರ್ಷ ಊಟಕ್ಕೆ ಮಾತ್ರ ಬಳಸಿದರು.

ಭಾನುವಾರ ಬಂತೆಂದರೆ ಆತ ಬೆಳಿಗ್ಗೆಯೇ ಗಾಳದ ಕೋಲು, ಒಂದು ಬುಟ್ಟಿ, ಎರೆಹುಳುವಿನ ಡಬ್ಬಿ ಹಿಡಿದು ಹೊರಟುಬಿಡುತ್ತಿದ್ದ. ಬಸ್ಸಿನ ಕೊನೆಯ ನಿಲ್ದಾಣ, ಅಲ್ಲಿಂದ ಹಳೆಯ ಪಂಪ್‌ಹೌಸು, ಅದರ ಹಿಂದೆ ಕೆರೆ. ಕತ್ತಲಾಗುವ ಮುಂಚೆ ಬರುತ್ತಿದ್ದ, ಬುಟ್ಟಿ ಖಾಲಿ. ಎಲ್ಲೋ ಅಪರೂಪಕ್ಕೆ ಬೆರಳುದ್ದದ್ದು ಒಂದೆರಡು. ಈಕೆಗೆ ವಾರವಿಡೀ ಮೇಜಿನ ತುದಿ, ಭಾನುವಾರ ಖಾಲಿ ಮನೆ. ಬಟ್ಟೆ ಒಗೆದು ಒಣಗಿಸಿ, ಮಡಚಿ, ಕಿಟಕಿಯ ಹತ್ತಿರ ಕೂತು, ಎದುರುಮನೆಯ ರೇಡಿಯೋದಲ್ಲಿ ಯಾರೋ ಯಾರಿಗೋ ಹಾಡು ಕೋರುವುದನ್ನು ಕೇಳುತ್ತಿದ್ದಳು.

ಆತ ಸತ್ತದ್ದು ಲಿಫ್ಟಿನಲ್ಲೇ, ಸ್ಟೂಲಿನ ಮೇಲೆ ಕೂತಲ್ಲೇ, ಗೋಡೆಗೆ ತಲೆ ಆನಿಸಿಕೊಂಡು. ಯಾರೋ ಒಳಗೆ ಬಂದು “ನಾಲ್ಕು” ಎಂದರು. ಲಿಫ್ಟು ಏಳಲಿಲ್ಲ. ಮತ್ತೊಮ್ಮೆ ಜೋರಾಗಿ “ನಾಲ್ಕು” ಎಂದರು. ಆಮೇಲೆ, ಇವನಿಗೆ ಹಗಲಲ್ಲೇ ನಿದ್ದೆ ಎಂದು ಗೊಣಗಿ ಮೆಟ್ಟಿಲು ಹತ್ತಿಕೊಂಡು ಹೋದರು. ಅವರ ಹಿಂದೆ ಬಂದವರೂ ಹಾಗೇ ಮಾಡಿದರು. ಮುಖ ನೋಡಿದ್ದು ಕಸ ಗುಡಿಸುವವಳು. ಅಷ್ಟು ಜನ ಓದು ಬರಹ ಬಲ್ಲವರ ಕಟ್ಟಡದಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಬಗ್ಗಿ ನೋಡುವ ವ್ಯವಧಾನ ಪೊರಕೆ ಹಿಡಿದವಳೊಬ್ಬಳಿಗೆ ಇತ್ತು.

ಮಣ್ಣು ಮುಗಿಸಿ ಬಂದ ಮೇಲೆ ನಾದಿನಿ ಕೆಲವು ದಿನ ಜೊತೆಗಿದ್ದಳು. ಸತ್ತವನ ತಂಗಿ. ಒಳ್ಳೆಯವಳೇ, ಆದರೆ ನಾಲಿಗೆಗೆ ಬಾಗಿಲಿಲ್ಲ. ಅಣ್ಣನ ಸಾಮಾನು ಎತ್ತಿಡುವಾಗ ಗಾಳದ ಕೋಲು ಕೈಗೆ ಬಂತು.

“ಅತ್ತಿಗೆ, ಒಂದು ಮಾತು ಕೇಳ್ಲಾ? ಅಣ್ಣ ಇಷ್ಟು ವರ್ಷ ಹೋದ್ನಲ್ಲ, ಮೀನು ತಂದಿದ್ದು ನೀನು ಎಷ್ಟು ಸಲ ನೋಡಿದೀಯ?”

“ಏನೋ ಒಂದೆರಡು ಸಲ.”

“ಒಂದೆರಡು ಸಲ. ಅಷ್ಟಕ್ಕೆ ಯಾರಾದ್ರೂ ವಾರವಾರ ಹೋಗ್ತಾರಾ? ನಂಗೊತ್ತಿಲ್ಲಪ್ಪ. ಗಂಡಸರು ಗಾಳದ ಹೆಸರಲ್ಲಿ ಎಲ್ಲೆಲ್ಲಿಗೋ ಹೋಗ್ತಾರೆ.”

“ಸುಮ್ನಿರೇ. ಸತ್ತೋರ ಮೇಲೆ.”

“ನಾನೇನಂದೆ? ಏನೂ ಅನ್ನಲಿಲ್ಲ.”

ಏನೂ ಅನ್ನದೆ ತಲೆಗೆ ಹುಳ ಬಿಟ್ಟು ನಾದಿನಿ ತನ್ನ ಮನೆಗೆ ಹೋದಳು. ಹುಳ ಉಳಿಯಿತು. ಕತ್ತರಿ ಹಿಡಿದಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಒಬ್ಬಳಿಗೆ ಮಾಡಿದ ಅನ್ನ ಪಾತ್ರೆಯ ತಳದಲ್ಲಿ ಒಣಗುವಾಗ, ಅದೇ ಪ್ರಶ್ನೆ. ಎಲ್ಲಿಗೆ ಹೋಗುತ್ತಿದ್ದರು? ಅದರ ಬೆನ್ನಿಗೇ ಇನ್ನೊಂದು, ಅದಕ್ಕಿಂತ ಕೆಟ್ಟದ್ದು: ನನ್ನಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದರಾ?

ಒಂದು ಭಾನುವಾರ ಆಕೆ ಗಾಳದ ಕೋಲು ಎತ್ತಿಕೊಂಡು ಹೊರಟಳು. ಬಸ್ಸಿನ ಕಂಡಕ್ಟರು ಕೋಲನ್ನೂ ಆಕೆಯನ್ನೂ ನೋಡಿ, “ಏನಮ್ಮ, ಮಗನಿಗಾ?” ಎಂದ. “ನಂಗೇ” ಎಂದಳು. ಅವನು ಟಿಕೆಟ್ ಹರಿದುಕೊಟ್ಟ.

ಕೆರೆಯ ದಂಡೆಯಲ್ಲಿ ನಾಲ್ಕಾರು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಗೆ ದೂರ ದೂರ ಕೂತಿದ್ದರು. ಮುಂಗೋಪದ ಮುಖದವನೊಬ್ಬ ಆಕೆಯ ಕೈಲಿದ್ದ ಕೋಲನ್ನು ನೋಡಿದ ಕೂಡಲೇ ಗುರುತು ಹಿಡಿದ. ವಾರವಿಡೀ ಊರಿನ ಮನೆಗಳ ನಲ್ಲಿ, ಪೈಪು ರಿಪೇರಿ ಮಾಡುವ ಪ್ಲಂಬರ್ ಅವನು.

“ಇದು ಲಿಫ್ಟಿನವರ ಕೋಲಲ್ವಾ? ಅವರೆಲ್ಲಿ, ಕಾಣಿಸ್ತಿಲ್ಲ?”

“ಹೋಗ್ಬಿಟ್ರು. ನಾನು ಅವರ ಮನೆಯವಳು.”

ಪ್ಲಂಬರ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ. “ಆ ಕಲ್ಲು ನೋಡಿ, ಗಿಡದ ಮುಂದಿಂದು. ಅದೇ ಅವರ ಜಾಗ. ಒಂದು ವಾರಾನೂ ತಪ್ಪಿಸಿದವರಲ್ಲ.”

“ಇಲ್ಲಿಗೇ ಬರ್ತಿದ್ರಾ? ಎಲ್ಲಾ ವಾರವೂ?”

“ಇನ್ನೆಲ್ಲಿಗೆ ಹೋಗ್ತಾರೆ?”

ನಾದಿನಿಯ ಮಾತು ಸುಳ್ಳಾಯಿತು. ಎದೆ ಹಗುರಾಗಬೇಕಿತ್ತು, ಆದರೆ ಎರಡನೆಯ ಪ್ರಶ್ನೆ ಬಿಡಲಿಲ್ಲ. ಆಕೆ ಗಂಡನ ಕಲ್ಲಿನ ಮೇಲೆ ಕೂತಳು. ಕಲ್ಲು ಎತ್ತರ, ಕಾಲು ಜೋತಾಡುತ್ತಿದ್ದವು. ಕೋಲು ಎತ್ತಿ, ಬೇರೆಯವರು ಮಾಡಿದ ಹಾಗೆ ಬೀಸಿದಳು. ಗಾಳ ನೀರಿಗೆ ಹೋಗದೆ ಆಕೆಯ ಸೆರಗಿಗೇ ಸಿಕ್ಕಿಕೊಂಡಿತು.

ಅಲ್ಲಿಂದ ಶುರುವಾಯಿತು ಕಾಟ.

ರೀಲಿನಿಂದ ದಾರ ಒಮ್ಮೆಲೇ ಬುಸಬುಸನೆ ಹೊರಬಂದು ತಲೆಗೂದಲ ಉಂಡೆಯಂತಾಗುತ್ತಿತ್ತು. ಬಿಡಿಸುತ್ತ ಕೂತರೆ ಅರ್ಧ ಬೆಳಗು ಖಲಾಸ್. ಬಿಡಿಸಿ ಹಾಕಿದರೆ ಗಾಳ ತಳದಲ್ಲಿ ಯಾವುದೋ ಬೇರಿಗೋ ಕಲ್ಲಿಗೋ ಕಚ್ಚಿಕೊಳ್ಳುತ್ತಿತ್ತು. ಮೆತ್ತಗೆ ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದರೆ ದಾರ ಪಟ್ಟನೆ ಹರಿದು ಗಾಳ, ಸೀಸದ ಗುಂಡು ಎಲ್ಲ ನೀರುಪಾಲು. ಹಿಟ್ಟಿನ ಉಂಡೆ ಸಿಕ್ಕಿಸಿದರೆ ಸಣ್ಣ ಮೀನುಗಳು ನೀರ ಮೇಲೆ ತೇಲುವ ಬೆಂಡನ್ನು ಅಲುಗಿಸದ ಹಾಗೆ ತಿಂದುಹೋಗುತ್ತಿದ್ದವು. ಎರೆಹುಳು ಸಿಕ್ಕಿಸಿದರೆ ಕೈಯ ವಾಸನೆ ಸೋಮವಾರ ಮೇಜಿನ ತನಕ ಬರುತ್ತಿತ್ತು. “ಅಕ್ಕ, ಆಸ್ಪತ್ರೆ ಕೋಟಿಗೆ ಮೀನಿನ ಸೆಂಟು ಹೊಡೆದಿದ್ಯಾ?” ಎಂದು ಯಜಮಾನ ಮೂಗು ಮುಚ್ಚಿಕೊಂಡ. ಬೆಂಡು ಮಿಸುಕುವುದು ಯಾವಾಗಲೂ ಬುತ್ತಿ ಬಿಚ್ಚಿದಾಗಲೇ. ಮೀನು ನೆಗೆಯುವುದು ಯಾವಾಗಲೂ ದಾರಕ್ಕೆ ಒಂದು ಮಾರು ಆಚೆಗೆ, ಬೇಕೆಂದೇ ಅಣಕಿಸುವ ಹಾಗೆ.

ಮೀನಿಗಿಂತ ಹೆಚ್ಚಾಗಿ ಕಾಡಿದವರು ಮನುಷ್ಯರು. ದಂಡೆಯ ಮೇಲೆ ಬೂಟು ಹಾಕಿಕೊಂಡು ನಡೆಯಲು ಬರುವವರು ಒಬ್ಬರೂ ತಪ್ಪದೆ, “ಏನಮ್ಮ, ಬಿತ್ತಾ?” ಎನ್ನುತ್ತಿದ್ದರು. ಉತ್ತರ ಆಕೆಯ ಬಾಯಿಂದ ಹೊರಡುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಬೆನ್ನುಗಳ ಜೊತೆ ಬದುಕಿದ ಗಂಡನಿಗೆ ರಜೆಯ ದಿನವೂ ಬೆನ್ನುಗಳೇ ಸಿಕ್ಕಿದ್ದವು. ಇನ್ನೊಬ್ಬ ಬುದ್ಧಿವಂತ ನಿಂತು ಉಪದೇಶ ಮಾಡಿದ.

“ಮಾರ್ಕೆಟ್ಟಿಗೆ ಹೋದ್ರೆ ಐದು ನಿಮಿಷದಲ್ಲಿ ಸಿಗುತ್ತಲ್ಲಮ್ಮ, ಯಾಕೆ ಇಷ್ಟು ಕಷ್ಟ?”

“ಮಾರ್ಕೆಟ್ಟಲ್ಲಿ ಇಡೀ ದಿನ ಕೂತ್ಕೊಳ್ಳೋಕೆ ಬಿಡ್ತಾರಾ?”

ಪ್ಲಂಬರ್ ಕಿಸಕ್ಕೆಂದು ನಕ್ಕ. ಆ ದಂಡೆಯಲ್ಲಿ ಆಕೆಗೆ ಸಿಕ್ಕಿದ ಮೊದಲ ನಗು ಅದು. ಬಹಳ ಹೊತ್ತು ಬಾಳಲಿಲ್ಲ. ಯಾಕೆಂದರೆ ಪ್ಲಂಬರ್ ಕೂರುತ್ತಿದ್ದದ್ದು ಆಕೆಯ ಬಲಗಡೆ. ಗಂಡನ ಕಲ್ಲಿನ ಹಿಂದಿದ್ದ ಗಿಡದ ಕೊಂಬೆಯೊಂದು ಎಡಭುಜದ ಮೇಲೆಯೇ ಬಾಗಿತ್ತು. ಎಡಗೈಯಲ್ಲಿ ಬೀಸುವ ಆಕೆ ಕೊಂಬೆ ತಪ್ಪಿಸಲು ಮೈ ತಿರುಚಿದರೆ ಗಾಳ ಓರೆಯಾಗಿ ಹೋಗಿ ಪ್ಲಂಬರನ ದಾರದ ಮೇಲೆ ಬೀಳುತ್ತಿತ್ತು. ಎರಡು ದಾರ ಹೊಸೆದುಕೊಂಡರೆ ಆ ದಿನ ಮುಗಿಯಿತೆಂದೇ ಲೆಕ್ಕ. ಇಬ್ಬರೂ ತುದಿ ಹಿಡಿದು, ಅದರ ಕೆಳಗೆ ಇದು, ಇದರ ಮೇಲೆ ಅದು ಎಂದು ಗೊಣಗುತ್ತ ಕೂರಬೇಕು.

“ಬಲಗೈಲಿ ಬೀಸೋಕೆ ಬರಲ್ವಾಮ್ಮ?”

“ಬಂದಿದ್ರೆ ಬೀಸ್ತಿರ್ಲಿಲ್ವಾ?”

“ನನ್ನ ದಾರದ ಮೇಲೇ ಯಾಕೆ ಕಣ್ಣು ನಿಮಗೆ?”

“ನಿಮ್ಮ ದಾರಾನೇ ಬಂದು ಅಡ್ಡ ಮಲಗುತ್ತೆ. ನಾನೇನ್ ಮಾಡ್ಲಿ?”

ಹೀಗೆ ವಾರಗಳು ಕಳೆದವು. ಒಂದೂ ಮೀನು ಬೀಳಲಿಲ್ಲ. ಆಕೆಯ ಮನಸ್ಸಿನಲ್ಲಿದ್ದ ಪ್ರಶ್ನೆ ಮಾತ್ರ ದಿನದಿಂದ ದಿನಕ್ಕೆ ಚೂಪಾಯಿತು. ಇಲ್ಲಿ ಏನಿದೆ? ಸೊಳ್ಳೆ, ಕೆಸರು, ಸಿಕ್ಕು, ಹರಿದ ದಾರ, ಬೆನ್ನು ತೋರಿಸುವ ಜನ. ಸುಖ ಎನ್ನುವಂಥದ್ದು ಎಳ್ಳಷ್ಟೂ ಇಲ್ಲ. ಆತ ಇನ್ನೊಬ್ಬ ಹೆಂಗಸಿನ ಮನೆಗೆ ಹೋಗುತ್ತಿದ್ದರೆ ಅದಾದರೂ ಅರ್ಥವಾಗುತ್ತಿತ್ತು. ಅಲ್ಲಿ ಕಾಫಿ ಇರುತ್ತದೆ, ಮಾತಿರುತ್ತದೆ. ಇಷ್ಟು ಕಾಟದ ಜಾಗವನ್ನು ಒಬ್ಬ ಮನುಷ್ಯ ವಾರ ವಾರ ಹುಡುಕಿಕೊಂಡು ಬರುತ್ತಾನೆಂದರೆ ಇದಕ್ಕಿಂತ ದೊಡ್ಡ ಕಾಟ ಮನೆಯಲ್ಲಿತ್ತು ಎಂದೇ ಅರ್ಥವಲ್ಲವೇ? ನಾನು ಇಷ್ಟು ಕೆಟ್ಟವಳಾಗಿದ್ದೆನಾ? ಸಂಜೆ ಬಸ್ಸಿನಲ್ಲಿ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಇದನ್ನೇ ಯೋಚಿಸುತ್ತಿದ್ದಳು. ಮನೆಗೆ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ತಾನೇ ಬಿಟ್ಟುಹೋದ ಚಪ್ಪಲಿ ಬಿಟ್ಟರೆ ಎದುರಾಗುವುದು ಏನೂ ಇರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದಳು.

“ನಮ್ಮನೆಯವರು ಇಲ್ಲಿ ಕೂತು ಏನಾದ್ರೂ ಹೇಳ್ತಿದ್ರಾ? ಮನೆ ವಿಷಯ?”

“ಅವರಾ? ಬಾಯಿಗೆ ಬೀಗ. ನಾನು ‘ಏನ್ ಸಾರ್, ಚೆನ್ನಾಗಿದೀರಾ’ ಅಂದ್ರೆ ತಲೆ ಆಡಿಸೋರು. ಅದೇ ಅವರ ಭಾಷಣ.”

“ನಗ್ತಿದ್ರಾ?”

ಪ್ಲಂಬರ್ ಯೋಚಿಸಿದ. “ನೋಡಿಲ್ಲಮ್ಮ. ಸುಳ್ಳು ಯಾಕೆ ಹೇಳ್ಲಿ.” ಹೇಳಿ ಮುಗಿಸಿದವನು ಆಕೆಯ ಕಡೆಗೊಮ್ಮೆ, ಆಕೆಯ ಆಚೆ ದಂಡೆಯ ತುದಿಗೊಮ್ಮೆ ನೋಡಿದ. ಇನ್ನೇನೋ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೆಂಡಿನ ಕಡೆ ತಿರುಗಿದ.

ನುಂಗಿದ ಮಾತು ಹೊರಬಂದದ್ದು ಜಗಳದಲ್ಲಿ. ಮೋಡ ಕವಿದ ಒಂದು ಬೆಳಿಗ್ಗೆ ಪ್ಲಂಬರನ ಬೆಂಡು ಗುಳಕ್ಕೆಂದು ಮುಳುಗಿತು. ಕೋಲು ಬಿಲ್ಲಿನಂತೆ ಬಾಗಿತು. ಅವನ ಮುಖಕ್ಕೆ ಕಳೆ ಬಂತು. ಅದೇ ಗಳಿಗೆಗೆ ಆಕೆ ಬೀಸಿದ ಗಾಳ ಓರೆಯಾಗಿ ಹಾರಿ ಅವನ ದಾರದ ಮೇಲೆ ಬಿತ್ತು. ಗಾಬರಿಯಲ್ಲಿ ಆಕೆಯೂ ಎಳೆದಳು. ಎರಡು ದಾರ ಹೆಣೆದುಕೊಂಡವು. ಮೀನು ಒಮ್ಮೆ ಬೆಳ್ಳಗೆ ಹೊಟ್ಟೆ ತೋರಿಸಿ ಕಳಚಿಕೊಂಡು ಹೋಯಿತು.

ಪ್ಲಂಬರ್ ಕೋಲು ನೆಲಕ್ಕೆ ಹಾಕಿ ಎದ್ದು ನಿಂತ. ಕಿವಿ ಕೆಂಪಾಗಿದ್ದವು.

“ರೀ ಅಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡ್ರೂ ಮಾಡ್ಕೊಳ್ಳಿ. ಆ ಕಲ್ಲು ಬಿಟ್ಟು ಏಳಿ. ಪಕ್ಕದ್ದಕ್ಕೆ ಹೋಗಿ.”

“ಯಾಕೆ? ಇದು ನಮ್ಮನೆಯವರ ಕಲ್ಲು.”

“ಅದೂ ಅವರದ್ದೇ. ಎರಡೂ ಅವರೇ ಹಾಕಿದ್ದು. ಆ ಕಡೇದು ಎಡಗೈಯವರಿಗೆ ಅಂತಾನೇ ಹಾಕಿದ್ದು.”

ಆಕೆಗೆ ಅರ್ಥವಾಗಲಿಲ್ಲ. ಎಡಗಡೆ, ದಂಡೆಯ ತುದಿಯಲ್ಲಿ, ಹುಲ್ಲು ಅರ್ಧ ಮುಚ್ಚಿದ ಒಂದು ತಗ್ಗು ಕಲ್ಲು ಇತ್ತು. ಇಷ್ಟು ದಿನ ಅದರ ಮೇಲೆ ಬುತ್ತಿ ಇಡುತ್ತಿದ್ದಳು.

“ಯಾರಿಗೆ ಅಂದ್ರಿ?”

“ಒಂದು ಸಲ ಮಳೆ ಜಾಸ್ತಿಯಾಗಿ ನನ್ನ ಜಾಗ ನೀರಲ್ಲಿ ಮುಳುಗಿತ್ತು. ಅಲ್ಲಿ ಕೂತ್ಕೋತೀನಿ ಸಾರ್ ಅಂದೆ. ಬೇಡ ಅಂದ್ರು. ನಿಮ್ಮದು ಬಲಗೈ, ಅದು ಎಡಗೈಯವರ ಜಾಗ ಅಂದ್ರು. ಯಾರು ಸಾರ್ ಅದು ಅಂದೆ. ‘ಬರ್ತಾರೆ’ ಅಂದ್ರು. ಅಷ್ಟೇ. ಹಾರೆ ಹಾಕಿ ಒಬ್ಬರೇ ಉರುಳಿಸಿಕೊಂಡು ಬಂದಿದ್ರು ಅದನ್ನ. ನಾನು ಕೈ ಕೊಡ್ಲಾ ಅಂದ್ರೂ ಬಿಡ್ಲಿಲ್ಲ. ಆ ಗಿಡ ನೋಡಿ. ಆ ಕಲ್ಲಿನ ಎಡಗಡೆ ಬರೋ ಕೊಂಬೆ ಅಷ್ಟನ್ನೂ ಸವರಿದಾರೆ. ಬಲಗಡೇದು ಹಾಗೇ ಇದೆ. ನಾನು ಅಲ್ಲಿ ಕೂತು ಬೀಸಿದ್ರೆ ನನ್ನ ಗಾಳ ಗಿಡಕ್ಕೇ.”

“ಯಾರಾದ್ರೂ ಬಂದ್ರಾ?”

“ಯಾರೂ ಬರಲಿಲ್ಲ. ಎಷ್ಟು ವರ್ಷ. ನಾವೆಲ್ಲ ಸಾರ್‌ಗೆ ಸ್ವಲ್ಪ ಲೂಸು ಅಂದ್ಕೊಂಡಿದ್ವಿ.” ಪ್ಲಂಬರನ ದನಿ ಇಳಿಯಿತು. “ಬೇರೆ ಯಾರಿಗೋ ಇರ್ಬೇಕು ಅಂತ ನಿಮ್ಮೆದುರಿಗೆ ಬಾಯಿ ಬಿಡ್ಲಿಲ್ಲಮ್ಮ. ಸತ್ತ ಮನುಷ್ಯನ ವಿಷಯ, ಸುಮ್ನೆ ನಿಮ್ಮ ಹೊಟ್ಟೆ ಉರಿಸೋದ್ಯಾಕೆ ಅಂತ. ನಿಮ್ಮದೂ ಎಡಗೈ ಅಂತ ನೋಡಿದ್ದೆ, ಎರಡನ್ನೂ ಸೇರಿಸಿ ಯೋಚಿಸ್ಲಿಲ್ಲ. ನಿಮ್ಮ ಕೈ ಎದ್ದಾಗೆಲ್ಲ ನಂಗೆ ನನ್ನ ದಾರದ್ದೇ ಚಿಂತೆ.”

ಆಕೆ ಎದ್ದು ಹೋಗಿ ತಗ್ಗು ಕಲ್ಲಿನ ಮೇಲೆ ಕೂತಳು. ಪಾದ ಎರಡೂ ನೆಲಕ್ಕೆ ಊರಿದವು. ವರ್ಕ್‌ಶಾಪಿನಲ್ಲಿ ಹಲಗೆ, ಬಸ್ಸಿನಲ್ಲಿ ಜೋತಾಡುವ ಕಾಲು. ಹೊರಗಿನ ಲೋಕದಲ್ಲಿ ಆಕೆಯ ಅಳತೆಗೆ ಇಟ್ಟ ಕೂರುವ ಜಾಗ ಅದೊಂದೇ ಇತ್ತು. ಅದು ಇದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು “ಆಹಾ, ಎಂಥ ಪ್ರೀತಿ” ಎಂದು ಕಣ್ಣು ಒರೆಸಿಕೊಳ್ಳುತ್ತೀರಿ. ಒರೆಸಿಕೊಳ್ಳುವ ಮುಂಚೆ ಆಕೆಯನ್ನು ನೋಡಿ. ಆಕೆ ಅಳಲಿಲ್ಲ. ಆಕೆಗೆ ಕೋಪ ಬಂದಿತ್ತು, ಮೈ ಪರಚಿಕೊಳ್ಳುವಂಥ ಕೋಪ.

“ಕಲ್ಲು ಉರುಳಿಸೋಕೆ ಆಗುತ್ತೆ” ಎಂದಳು, ಪ್ಲಂಬರನಿಗೆ ಹೇಳಿದಳೋ ನೀರಿಗೆ ಹೇಳಿದಳೋ. “ಕೊಂಬೆ ಕಡಿಯೋಕೆ ಆಗುತ್ತೆ. ಬಾರೇ ಅನ್ನೋಕೆ ಆಗಲ್ವಾ? ಎರಡಕ್ಷರ.”

“ಏನಾದ್ರೂ ಸೂಚನೆ ಕೊಟ್ಟಿರ್ಬೇಕಮ್ಮ.”

ಕೊಟ್ಟಿದ್ದ. ಈಗ ಆಕೆಗೆ ನೆನಪಾಯಿತು. ಕೆಲವು ಭಾನುವಾರ ಚಪ್ಪಲಿ ಮೆಟ್ಟಿಕೊಂಡ ಮೇಲೂ ಆತ ಹೊಸ್ತಿಲಲ್ಲಿ ನಿಂತಿರುತ್ತಿದ್ದ. “ಅಲ್ಲಿ ನೆರಳು ಚೆನ್ನಾಗಿದೆ” ಎನ್ನುತ್ತಿದ್ದ. ಒಗೆಯುವ ಬಟ್ಟೆಯ ರಾಶಿ ಹೊತ್ತುಕೊಂಡ ಆಕೆ, “ಚೆನ್ನಾಗಿದ್ರೆ ಅಲ್ಲೇ ಇದ್ಬಿಡಿ, ಇಲ್ಲಿ ಯಾರೂ ಕಾಯ್ತಿಲ್ಲ” ಎಂದಿದ್ದಳು. ಆತ ಹೂಂ ಎಂದು ಮೆಟ್ಟಿಲಿಳಿದಿದ್ದ. ಅದು ಕರೆ ಎಂದು ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು ಎನ್ನುವವರು ಮೂವತ್ತು ವರ್ಷ ಒಬ್ಬರ ನೆರಳಿನ ಅರ್ಥ ಬಿಡಿಸುತ್ತ ಕೂತು ನೋಡಲಿ. ನೆರಳಿದೆ ಎಂದರೆ ನೆರಳಿದೆ ಎಂದಷ್ಟೇ. ಬಾ ಎನ್ನುವುದಕ್ಕೆ ಬಾ ಎನ್ನಬೇಕು.

ಆತ ಅಲ್ಲಿ ಕೂತು ಪಕ್ಕದ ಖಾಲಿ ಕಲ್ಲು ನೋಡುತ್ತಿದ್ದ. ಈಕೆ ಇಲ್ಲಿ ಕಿಟಕಿಯಲ್ಲಿ ಕೂತು ಖಾಲಿ ರಸ್ತೆ ನೋಡುತ್ತಿದ್ದಳು. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ. ಇಬ್ಬರೂ ತಾನು ಇನ್ನೊಬ್ಬರಿಗೆ ಬೇಡವಾಗಿದ್ದೇನೆ ಎಂದು ನಂಬಿಕೊಂಡು, ಆ ನಂಬಿಕೆಯಲ್ಲೇ ಒಬ್ಬ ಸತ್ತೂ ಹೋದ. ಇದನ್ನು ಪ್ರೀತಿ ಎಂದು ಕರೆದು ಮರ್ಯಾದೆ ಕೊಡಬೇಡಿ. ಇದು ಬಾಯಿಯ ಸೋಮಾರಿತನ. ಇದಕ್ಕೆ ಯಾವ ನ್ಯಾಯಾಲಯದಲ್ಲೂ ಶಿಕ್ಷೆ ಇಲ್ಲ. ಹಾಗಾಗಿಯೇ ಮನೆಮನೆಯಲ್ಲೂ ನಡೆಯುತ್ತದೆ.

ಅವತ್ತು ಆಕೆ ಆ ಕಲ್ಲಿನಿಂದ ಎಡಗೈ ಎತ್ತಿ ಬೀಸಿದಳು. ಗಾಳ ನೇರವಾಗಿ ಹೋಗಿ ನೀರಿಗೆ ಬಿತ್ತು. ಯಾವ ಕೊಂಬೆಗೂ ಸಿಗಲಿಲ್ಲ, ಯಾರ ದಾರಕ್ಕೂ ತಾಗಲಿಲ್ಲ. ಪ್ಲಂಬರ್ “ಹಾಂ, ನೋಡಿ” ಎಂದ, ತಾನೇ ಕಲಿಸಿದವನ ಹಾಗೆ. ಮೀನು ಬೀಳಲಿಲ್ಲ. ಬೆಂಡು ಸಂಜೆಯವರೆಗೂ ಅಲುಗಲಿಲ್ಲ. ಪಕ್ಕದ ಎತ್ತರದ ಕಲ್ಲು ಖಾಲಿ ಇತ್ತು.

ಅದೇ ಸಂಜೆ ನಾದಿನಿಯ ಫೋನು ಬಂತು.

“ಅತ್ತಿಗೆ, ಈಗಲೂ ಅಲ್ಲಿಗೆ ಹೋಗ್ತಿದೀಯಂತೆ? ಏನಾದ್ರೂ ಗೊತ್ತಾಯ್ತಾ?”

ಆಕೆ ಎಲ್ಲವನ್ನೂ ಹೇಳಬಹುದಿತ್ತು. ಬದಲಿಗೆ ಯಾವತ್ತೂ ಯಾರಿಗೂ ಹೇಳಿರದ ಒಂದು ಮಾತು ಹೇಳಿದಳು.

“ಮುಂದಿನ ಭಾನುವಾರ ನನ್ನ ಜೊತೆ ಬರ್ತೀಯಾ?”

“ಎಲ್ಲಿಗೆ, ಕೆರೆಗಾ? ನಾನೇನ್ ಮಾಡ್ಲಿ ಅಲ್ಲಿ?”

“ಏನೂ ಮಾಡೋದು ಬೇಡ. ಪಕ್ಕದಲ್ಲಿ ಕೂತ್ಕೋ. ಒಬ್ಬಳೇ ಕೂತು ಸಾಕಾಗಿದೆ ನಂಗೆ.”

ಫೋನಿನ ಆ ತುದಿಯಲ್ಲಿ ನಾಲಿಗೆಗೆ ಬಾಗಿಲಿಲ್ಲದವಳು ಮಾತು ಅಳೆದು ತೂಗಿ ಆಡಿದಳು. “ನೋಡೋಣ ಅತ್ತಿಗೆ. ಮನೆಯಲ್ಲಿ ಕೆಲಸ ಇರುತ್ತೆ. ನೋಡೋಣ.”

ಆ ಭಾನುವಾರ ಅವಳು ಬರಲಿಲ್ಲ. ಅದರಾಚೆಯ ಭಾನುವಾರವೂ ಬರಲಿಲ್ಲ. ಆಕೆ ಪ್ರತಿ ವಾರ ಫೋನು ಮಾಡಿ ಕೇಳುತ್ತಾಳೆ. ಹೆದರುತ್ತ, ನಾಚುತ್ತ ಕೇಳುತ್ತಾಳೆ. ಆಮೇಲೆ ಒಬ್ಬಳೇ ಬಸ್ಸು ಹತ್ತುತ್ತಾಳೆ.

ನೀವು ಇದನ್ನು ಓದುತ್ತಿರುವಾಗ ನಿಮ್ಮ ಮನೆಯ ಇನ್ನೊಂದು ಕೋಣೆಯಲ್ಲಿ ಯಾರೋ ಇದ್ದಾರೆ. ಅವರಿಗಾಗಿ ನೀವು ಕುರ್ಚಿ ಸರಿಸಿಟ್ಟಿರಬಹುದು, ಕಿಟಕಿ ತೆರೆದಿಟ್ಟಿರಬಹುದು, ಅಷ್ಟಕ್ಕೇ ಅವರಿಗೆ ತಿಳಿಯಬೇಕೆಂದು ಕಾಯುತ್ತಿರಬಹುದು. ಅವರಿಗೆ ತಿಳಿದಿಲ್ಲ. ಈ ಪುಟ ಕೆಳಗಿಡಿ. ಎದ್ದು ಹೋಗಿ, ಅವರ ಎದುರು ನಿಂತು, “ನನ್ನ ಜೊತೆ ಬರ್ತೀಯಾ?” ಎಂದು ಬಾಯಿ ಬಿಟ್ಟು ಕೇಳಿ. ನಾಳೆ ಬೇಡ, ಈಗ ಕೇಳಿ.